ಕಲಿಸುತ್ತ ಕಲಿಯುವುದು

ವಿದ್ಯೆಯು ಕೊಟ್ಟಷ್ಟೂ ಹೆಚ್ಚುವ ಧನವೆಂದು ಹಿರಿಯರು ನಂಬಿದ್ದರು. ಆ ನಂಬಿಕೆಗೆ ಆಧಾರವುಂಟೆಂಬುದನ್ನು ಅಮೆರಿಕದ ಮನೋವಿಜ್ಞಾನಿಗಳಾದ ಲೋಗನ್ ಫಿಯೊರೆಲ್ಲಾ ಮತ್ತು ರಿಚರ್ಡ್ ಮೇಯರ್ ಅವರ ಪ್ರಯೋಗಗಳು ತೋರಿಸಿಕೊಟ್ಟಿವೆ. ಸಾಂತಾ ಬಾರ್ಬರಾದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಪಾಲುಗೊಂಡ ಈ ಪ್ರಯೋಗಗಳ ವಿವರಗಳು 2013ರಲ್ಲಿ ಪ್ರಕಟವಾದವು.

ಪಾಠದ ವಸ್ತು ಡಾಪ್ಲರ್ ಪರಿಣಾಮ. ಆಸ್ಟ್ರಿಯಾದ ಭೌತವಿಜ್ಞಾನಿ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಮಂಡಿಸಿದ ತತ್ತ್ವವಿದು. ರೈಲುಗಾಡಿಯು ಕೂಗುತ್ತ ಸಮೀಪಿಸುವಾಗ ಅದರ ಸಿಳ್ಳು ಏರಿದ ಶ್ರುತಿಯಲ್ಲಿ ಕೇಳುತ್ತದೆ. ದಾಟಿಹೋದೊಡನೆ ಶ್ರುತಿಯು ಇಳಿಯುತ್ತದೆ. ಚಲಿಸುವ ಗಾಡಿಯ ಮುಂದುಗಡೆ ಶಬ್ದದ ಅಲೆಗಳು ಒತ್ತೊತ್ತಾಗಿಯೂ ಹಿಂದುಗಡೆ ವಿರಳವಾಗಿಯೂ ಇರುವುದೇ ಇದಕ್ಕೆ ಕಾರಣ.

ವಿದ್ಯಾರ್ಥಿಗಳೆಲ್ಲರೂ ಒಂದೇ ಪಾಠವನ್ನು ಓದಿದರು. ಕೆಲವರು ಪರೀಕ್ಷೆಗೆಂದು ಓದಿದರೆ, ಉಳಿದವರು ಇತರರಿಗೆ ಕಲಿಸಬೇಕೆಂಬ ಉದ್ದೇಶದಿಂದ ಓದಿದರು. ಈ ಎರಡನೆಯವರಲ್ಲಿ ಒಂದು ಗುಂಪಿನವರು ಮಾತ್ರ ಕ್ಯಾಮರಾದ ಮುಂದೆ ಪಾಠವನ್ನು ವಿವರಿಸಿ ವಿಡಿಯೊ ಚಿತ್ರವನ್ನು ಸಿದ್ಧಪಡಿಸಿದರು. ಒಂದು ವಾರದ ತರುವಾಯ ನಡೆದ ಪರೀಕ್ಷೆಯಲ್ಲಿ, ಪರೀಕ್ಷೆಗೆಂದು ಓದಿದವರಿಗಿಂತ ಹೆಚ್ಚಿನ ತಿಳಿವಳಿಕೆಯನ್ನು ತೋರಿದವರು ಹೀಗೆ ಪಾಠ ಹೇಳಿದವರೇ. ಸಿದ್ಧರಾಗಿಯೂ ಕಲಿಸದೆ ಉಳಿದವರಲ್ಲಿ ಆ ಲಾಭವು ನಿಲ್ಲಲಿಲ್ಲ.

ಇದಕ್ಕೆ ಕಾರಣವೇನು? ಓದುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ಬಾಯಿಬಿಟ್ಟು ಹೇಳಹೊರಟಾಗ ನಿಜಸ್ಥಿತಿ ಬಯಲಾಗುತ್ತದೆ. ಶ್ರುತಿ ಏರುವುದೆಂದರೆ ಶಬ್ದವು ಜೋರಾಗುವುದೆಂದು ತಪ್ಪಾಗಿ ಭಾವಿಸಿದವನೂ ಪುಸ್ತಕದ ವಾಕ್ಯವನ್ನು ಉರುಹೊಡೆದು ಅಂಕ ಗಳಿಸಬಹುದು. ಆದರೆ ಅದನ್ನೇ ಇನ್ನೊಬ್ಬರಿಗೆ ವಿವರಿಸುವಾಗ ಅವನು ನಡುವೆಯೇ ತಡವರಿಸುತ್ತಾನೆ. ಯಾವುದನ್ನು ಮೊದಲು ಹೇಳಬೇಕು, ಯಾವ ಉದಾಹರಣೆಯನ್ನು ಕೊಡಬೇಕು, ಯಾವ ಚಿತ್ರವನ್ನು ಬರೆಯಬೇಕು ಎಂದು ಯೋಚಿಸುತ್ತಿರುವಂತೆ, ಬಿಡಿಬಿಡಿಯಾಗಿದ್ದ ಸಂಗತಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ತನ್ನ ಪಾಠವನ್ನು ತಾನೇ ನೋಡಿ ಕೇಳಿದಾಗ ಲೋಪಗಳು ಗೋಚರಿಸುತ್ತವೆ. ಅವನ್ನು ತಿದ್ದಿ ಮತ್ತೊಮ್ಮೆ ಹೇಳಲು ಅವಕಾಶವೂ ಉಂಟು.

ಆದರೆ ಕ್ಯಾಮರಾ ಪ್ರಶ್ನೆ ಕೇಳುವುದಿಲ್ಲ. ತಪ್ಪು ಪಾಠವನ್ನೂ ಅದು ಅಷ್ಟೇ ನಿಷ್ಠೆಯಿಂದ ಗ್ರಹಿಸುತ್ತದೆ. ಆದುದರಿಂದ ಸಿದ್ಧವಾದ ಚಿತ್ರವನ್ನು ಅಧ್ಯಾಪಕರೂ ಸಹಪಾಠಿಗಳೂ ಪರಿಶೀಲಿಸುವುದು ಅಗತ್ಯ. ಬಣ್ಣ, ಸಂಗೀತಗಳ ಅಲಂಕಾರಕ್ಕೆ ಮನಸೋತು ವಿಷಯವನ್ನೇ ಮರೆತರೆ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಕಲಿಸುತ್ತ ಕಲಿಯಲು ಯಂತ್ರವೇ ಬೇಕೆಂದಿಲ್ಲ. ಮನೆಯ ಜಗಲಿಯಲ್ಲಿ ಕುಳಿತು ತಮ್ಮನಿಗೆ ಲೆಕ್ಕ ಹೇಳಿಕೊಡುವ ಬಾಲಕಿಯೂ ಇದೇ ದಾರಿಯಲ್ಲಿ ನಡೆದಿದ್ದಾಳೆ. ಅವನು "ಏಕೆ?" ಎಂದು ಕೇಳಿದಾಗ ಉತ್ತರ ಹುಡುಕಿಕೊಳ್ಳಬೇಕಾದವಳು ಅವಳೇ, ಆ ಉತ್ತರವು ಅವಳಲ್ಲಿ ಬಹುಕಾಲ ಉಳಿಯುತ್ತದೆ.