ಲಸಿಕೆಗೆ ಬಿಸಿಗಿಂತ ಹಿಮದ ಕಾಟ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕರೆಂಟು ಹೋದರೆ ಎಲ್ಲರಿಗೂ ಮೊದಲು ನೆನಪಾಗುವುದು ಲಸಿಕೆ ಪೆಟ್ಟಿಗೆ. ಒಳಗಿನದೆಲ್ಲ ಬಿಸಿಯಾಯಿತೇನೋ ಎಂಬ ಆತಂಕ. ಅದೇ ಕರೆಂಟು ಇದ್ದೂ, ಥರ್ಮೋಸ್ಟಾಟ್ ಕೆಟ್ಟು, ಪೆಟ್ಟಿಗೆ ರಾತ್ರಿಯಿಡೀ ಬೇಕಾದ್ದಕ್ಕಿಂತ ಹೆಚ್ಚು ತಣ್ಣಗಾದರೆ ಯಾರೂ ಗಾಬರಿಯಾಗುವುದಿಲ್ಲ. ಲಸಿಕೆ ಸದ್ದಿಲ್ಲದೆ ಕೆಡಲು ಅಂಥ ಒಂದು ರಾತ್ರಿ ಸಾಕು.

ಆರೋಗ್ಯ ಕೇಂದ್ರದ ಲಸಿಕೆಗಳನ್ನು ಇಡಬೇಕಾದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆ. ಬಾಯಿಗೆ ಹಾಕುವ ಪೋಲಿಯೊ ಹನಿ ಶಾಖಕ್ಕೆ ಬಹುಬೇಗ ಸೋಲುತ್ತದೆ, ಆದರೆ ಹೆಪ್ಪುಗಟ್ಟಿದರೆ ಅದಕ್ಕೆ ತೊಂದರೆಯಿಲ್ಲ. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಡಿಪಿಟಿ, ಟಿಡಿ ಇವುಗಳ ಜಾತಿಯೇ ಬೇರೆ. ಇವುಗಳಲ್ಲಿ ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳಿಗೆ ಲಸಿಕೆಯ ಅಂಶ ಅಂಟಿಕೊಂಡಿರುತ್ತದೆ. ದ್ರವ ಹೆಪ್ಪುಗಟ್ಟಿದರೆ ಆ ಕಣಗಳು ಒಂದಕ್ಕೊಂದು ಕೂಡಿ ಗಂಟಾಗುತ್ತವೆ. ಮತ್ತೆ ಕರಗಿಸಿದರೂ ಮೊದಲಿನಂತಾಗುವುದಿಲ್ಲ. ಒಡೆದ ಹಾಲನ್ನು ಕಲಕಿ ಸರಿಮಾಡಲು ಆಗದಲ್ಲ, ಹಾಗೆ. ಮಗುವಿಗೆ ಚುಚ್ಚುಮದ್ದು ಬಿದ್ದಿರುತ್ತದೆ, ತಾಯಿ ಕಾರ್ಡಿನಲ್ಲಿ ಗುರುತೂ ಬಿದ್ದಿರುತ್ತದೆ, ರಕ್ಷಣೆ ಮಾತ್ರ ಕುಂದಿರುತ್ತದೆ.

ಶಾಖ ತಗುಲಿದ್ದನ್ನು ಹೇಳಲು ಬಾಟಲಿಯ ಮೇಲೆಯೇ ಗುರುತಿದೆ. ವಿವಿಎಂ ಎಂದು ಕರೆಯುವ ಆ ಸಣ್ಣ ವೃತ್ತದೊಳಗಿನ ಚೌಕ ಶಾಖ ತಗುಲಿದಷ್ಟೂ ಕಪ್ಪಾಗುತ್ತಾ ಹೋಗುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಬಳಸಬಹುದು. ಅದೇ ಬಣ್ಣಕ್ಕೆ ಬಂದರೆ ಅಥವಾ ಇನ್ನೂ ಕಪ್ಪಾದರೆ ಎಸೆಯಬೇಕು. ಆದರೆ ಹೆಪ್ಪುಗಟ್ಟಿ ಕರಗಿದ ಲಸಿಕೆಯ ವಿಷಯದಲ್ಲಿ ಈ ಗುರುತು ಮೂಕ. ಉಷ್ಣಾಂಶ ಅಳೆಯುವ ಸೆನ್ಸರ್ ನಿಜವಾಗಿ ಬೇಕಾಗುವುದು ಇಲ್ಲೇ ಎಂದು ನನ್ನ ಅಭಿಪ್ರಾಯ.

ಹಳೆಯ ಪದ್ಧತಿಯಲ್ಲಿ ಲಸಿಕೆಯ ಹೊಣೆ ಹೊತ್ತವರು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಥರ್ಮಾಮೀಟರ್ ನೋಡಿ ಪುಸ್ತಕದಲ್ಲಿ ಬರೆಯುತ್ತಾರೆ. (ತಿಂಗಳಿಡೀ ಒಂದೇ ಶಾಯಿಯಲ್ಲಿ ಒಂದೇ ಅಂಕಿ ಕಂಡರೆ ಅದು ಥರ್ಮಾಮೀಟರಿನ ಶಿಸ್ತಲ್ಲ ಎಂದು ಯಾರಾದರೂ ಊಹಿಸಬಹುದು.) ಪ್ರಾಮಾಣಿಕವಾಗಿ ಬರೆದರೂ ಎರಡು ಗಳಿಗೆಯ ಲೆಕ್ಕವಷ್ಟೇ ಸಿಗುತ್ತದೆ. ನಡುರಾತ್ರಿ ಎರಡು ಗಂಟೆಗೆ ಪೆಟ್ಟಿಗೆಯೊಳಗೆ ಏನಾಯಿತೆಂದು ಪುಸ್ತಕಕ್ಕೆ ಗೊತ್ತಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ ಯುಎನ್‌ಡಿಪಿ ನೆರವಿನಿಂದ 2015ರಲ್ಲಿ ಆರಂಭಿಸಿದ ‘ಇವಿನ್’ ವ್ಯವಸ್ಥೆ ಈ ಕೊರತೆಯನ್ನು ತುಂಬಲು ನೋಡಿತು. ಲಸಿಕೆ ಪೆಟ್ಟಿಗೆಯೊಳಗೆ ತಂತಿಯ ತುದಿಯಲ್ಲಿ ಒಂದು ಸೆನ್ಸರ್, ಹೊರಗೆ ಸಿಮ್ ಕಾರ್ಡ್ ಇರುವ ಸಣ್ಣ ಡಬ್ಬಿ. ಇಂಥ ಹಲವು ಸೆನ್ಸರುಗಳ ಒಳಗುಟ್ಟು ಸರಳ: ಉಷ್ಣಾಂಶ ಬದಲಾದಂತೆ ವಿದ್ಯುತ್ತಿಗೆ ಅದು ಒಡ್ಡುವ ತಡೆಯೂ ಬದಲಾಗುತ್ತದೆ, ಆ ತಡೆಯನ್ನು ಅಳೆದು ಡಬ್ಬಿ ಡಿಗ್ರಿಗೆ ಪರಿವರ್ತಿಸುತ್ತದೆ. ಇವಿನ್‌ನಲ್ಲಿ ಹತ್ತು ನಿಮಿಷಕ್ಕೊಮ್ಮೆ ಅಳತೆ, ಗಂಟೆಗೊಮ್ಮೆ ಸರ್ವರಿಗೆ ರವಾನೆ. ಮಿತಿ ದಾಟಿದರೆ ಹೊಣೆಗಾರರ ಫೋನಿಗೆ ಎಸ್‌ಎಂಎಸ್.

ಮಿತಿ ದಾಟಿದ ಕೂಡಲೇ ಕೂಗಿಕೊಂಡರೆ ಮಾತ್ರ ಪ್ರಯೋಜನವಿಲ್ಲ. ಮುಚ್ಚಳ ತೆಗೆದಾಗಲೆಲ್ಲ ಬೊಬ್ಬೆ ಹಾಕುವ ಯಂತ್ರವನ್ನು ಜನ ಎರಡೇ ದಿನದಲ್ಲಿ ಅಲಕ್ಷಿಸಲು ಕಲಿಯುತ್ತಾರೆ. ಅದಕ್ಕೇ ಕೆಲವು ಕಡೆ ಸೆನ್ಸರಿನ ತುದಿಯನ್ನು ಗ್ಲೈಕಾಲ್ ತುಂಬಿದ ಪುಟ್ಟ ಬಾಟಲಿಯಲ್ಲಿ ಮುಳುಗಿಸಿಡುತ್ತಾರೆ. ಆಗ ಅದು ಗಾಳಿಯ ಏರಿಳಿತವನ್ನಲ್ಲ, ಲಸಿಕೆಯ ದ್ರವಕ್ಕೆ ಹತ್ತಿರವಾದ ಉಷ್ಣಾಂಶವನ್ನು ಹೇಳುತ್ತದೆ. ಅಲಾರಮ್ಮಿಗೆ ಸಮಯದ ಮಿತಿಯೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದ 30 ದಿನಗಳ ದಾಖಲೆ ಉಪಕರಣಗಳಲ್ಲಿ 8 ಡಿಗ್ರಿಗಿಂತ ಮೇಲೆ ಸತತ 10 ಗಂಟೆ ಕಳೆದರೆ ಶಾಖದ ಅಲಾರಂ. ಸೊನ್ನೆಗಿಂತ ಅರ್ಧ ಡಿಗ್ರಿ ಕೆಳಗೆ 60 ನಿಮಿಷ ಇದ್ದರೆ ಹಿಮದ ಅಲಾರಂ. ಒಂದು ಕಡೆ ಹತ್ತು ಗಂಟೆ, ಇನ್ನೊಂದು ಕಡೆ ಒಂದೇ ಗಂಟೆ! ಶಾಖದ ಹಾನಿ ಸ್ವಲ್ಪಸ್ವಲ್ಪವೇ ಕೂಡುತ್ತಾ ಹೋಗುತ್ತದೆ, ಹಿಮದ್ದು ಒಂದೇ ಏಟು.

ಸೆನ್ಸರನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ಲಸಿಕೆ ಇಡುವ ಪೆಟ್ಟಿಗೆಗೆ (ಐಎಲ್‌ಆರ್, ಅಂದರೆ ಐಸ್-ಲೈನ್ಡ್ ರೆಫ್ರಿಜರೇಟರ್) ಬಾಗಿಲು ಮೇಲ್ಗಡೆ, ತಣ್ಣನೆಯ ಗಾಳಿ ಹೊರಗೆ ಸುರಿಯದಿರಲೆಂದು. ಅದರ ತಳ ಮತ್ತು ಗೋಡೆಗಳ ಬಳಿಯೇ ಚಳಿ ಹೆಚ್ಚು. ಹಿಮಕ್ಕೆ ಕೆಡುವ ಲಸಿಕೆಗಳನ್ನು ತಳದಲ್ಲಿಡದೆ ಬುಟ್ಟಿಯಲ್ಲಿ ಮೇಲೆ ಇಡಬೇಕು. ಸೆನ್ಸರನ್ನೂ ಗೋಡೆಗೆ ತಾಗಿಸದೆ ಆ ಲಸಿಕೆಗಳ ನಡುವೆಯೇ ಇಟ್ಟರೆ ಸಿಗುವ ಅಂಕಿಗೆ ಅರ್ಥವಿದೆ.

ಎಸ್‌ಎಂಎಸ್ ಬಂತು ಎನ್ನಿ. ಶಾಖದ ಎಚ್ಚರಿಕೆಯಾದರೆ ಕರೆಂಟು, ಸ್ಟೆಬಿಲೈಸರ್, ಪ್ಲಗ್ಗು ನೋಡಿ. ಸರಿಹೋಗದಿದ್ದರೆ ಐಸ್‌ಪ್ಯಾಕ್ ಇಟ್ಟ ಕೋಲ್ಡ್ ಬಾಕ್ಸಿಗೆ ಲಸಿಕೆ ಸಾಗಿಸಿ. ಹಿಮದ ಎಚ್ಚರಿಕೆಯಾದರೆ ಶೇಕ್ ಟೆಸ್ಟ್ ಇದೆ. ಅನುಮಾನವಿರುವ ಬ್ಯಾಚಿನದೇ ಒಂದು ಬಾಟಲಿಯನ್ನು ಬೇಕೆಂದೇ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಕರಗಿಸಬೇಕು. ಅದನ್ನೂ ಅನುಮಾನದ ಬಾಟಲಿಯನ್ನೂ ಒಟ್ಟಿಗೆ ಕುಲುಕಿ, ಪಕ್ಕಪಕ್ಕ ಇಟ್ಟು ಅರ್ಧ ಗಂಟೆಯವರೆಗೆ ಗಮನಿಸಬೇಕು. ಎರಡರಲ್ಲೂ ಗಸಿ ಒಂದೇ ವೇಗದಲ್ಲಿ ತಳಕ್ಕಿಳಿದರೆ, ಅಥವಾ ಅನುಮಾನದ್ದರಲ್ಲಿ ಇನ್ನೂ ಬೇಗ ಇಳಿದರೆ, ಲಸಿಕೆ ಕೆಟ್ಟಿದೆ. ಕಣ್ಣಿಗೇ ಗಟ್ಟಿಯಾಗಿ ಕಂಡ ಬಾಟಲಿಗೆ ಪರೀಕ್ಷೆ ಬೇಡ, ನೇರವಾಗಿ ಬೇರ್ಪಡಿಸಿ.

ಪೆಟ್ಟಿಗೆಯೊಳಗಿನ ಸೆನ್ಸರಿಗೆ ಕಾಣದ ದಾರಿಯೊಂದಿದೆ: ಆರೋಗ್ಯ ಕೇಂದ್ರದಿಂದ ಅಂಗನವಾಡಿಗೆ ಹೋಗುವ ವ್ಯಾಕ್ಸಿನ್ ಕ್ಯಾರಿಯರ್. ಡೀಪ್ ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್‌ಪ್ಯಾಕನ್ನು ಹಾಗೇ ತುರುಕಿದರೆ ಪಕ್ಕದ ಬಾಟಲಿಗಳು ದಾರಿಯಲ್ಲೇ ಹೆಪ್ಪುಗಟ್ಟಬಹುದು. ಐಸ್‌ಪ್ಯಾಕನ್ನು ಸ್ವಲ್ಪ ಹೊತ್ತು ಹೊರಗಿಟ್ಟು, ಕಿವಿಯ ಬಳಿ ಅಲುಗಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ಹಾಕಬೇಕು. ಇದಕ್ಕೆ ಯಾವ ಸಿಮ್ಮೂ ಬೇಡ, ಕಿವಿ ಸಾಕು.

ಸೆನ್ಸರಿಗೂ ಆರೈಕೆ ಬೇಕು. ಪುಡಿಮಾಡಿದ ಮಂಜುಗಡ್ಡೆ ಮತ್ತು ನೀರಿನ ಮಿಶ್ರಣದಲ್ಲಿ ಅದ್ದಿದರೆ ಅದು ಸೊನ್ನೆಯ ಹತ್ತಿರ ತೋರಿಸಬೇಕು. ಇಲ್ಲವಾದರೆ ಅದರ ಅಂಕಿಯನ್ನು ನಂಬಬೇಡಿ. ಮಲೆನಾಡಿನ ಮೂಲೆಗಳಲ್ಲಿ ಸಿಗ್ನಲ್ ಸಿಗದಿದ್ದರೆ ಅಳತೆಯನ್ನು ತನ್ನಲ್ಲೇ ಉಳಿಸಿಕೊಂಡು ಆಮೇಲೆ ಕಳಿಸುವ ಉಪಕರಣಗಳಿವೆ, ಆದರೆ ತಡವಾಗಿ ಬಂದ ಎಚ್ಚರಿಕೆಯಿಂದ ಲಸಿಕೆ ಉಳಿಯುವುದಿಲ್ಲ. ಅಂಥ ಕಡೆ ಸ್ಥಳದಲ್ಲೇ ಸದ್ದು ಮಾಡುವ ಅಲಾರಂ ಇರಲಿ. ಆರೋಗ್ಯ ಕೇಂದ್ರಗಳಿಗೆ ಇನ್ನೊಂದು ಕೋರಿಕೆ: ಲಸಿಕೆ ನೋಡಿಕೊಳ್ಳುವವರು ವರ್ಗವಾಗಿ ಹೋದ ದಿನವೇ ಎಚ್ಚರಿಕೆ ಹೋಗುವ ಫೋನ್ ನಂಬರನ್ನೂ ಬದಲಾಯಿಸಿ.