ಪದೇ ಪದೇ ಬರುವ ಬಾಯಿ ಹುಣ್ಣು

ತುಟಿಯ ಒಳಗೆ, ಕೆನ್ನೆಯಲ್ಲಿ ಅಥವಾ ನಾಲಿಗೆಯ ಅಂಚಿನಲ್ಲಿ ಸಣ್ಣ ಬಿಳಿ ಹುಣ್ಣು, ಸುತ್ತಲೂ ಕೆಂಪು, ಖಾರ ತಾಗಿದರೆ ವಿಪರೀತ ಉರಿ. "ಉಷ್ಣವಾಗಿದೆ" ಎಂದು ಎಳನೀರು, ಮಜ್ಜಿಗೆ ಕುಡಿಯುತ್ತೀರಿ. ಕುಡಿಯಿರಿ, ತೊಂದರೆಯಿಲ್ಲ. ಆದರೆ ಇಂತಹ ಸಣ್ಣ ಹುಣ್ಣು ಏನೂ ಮಾಡದಿದ್ದರೂ ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ ಮಾಯುತ್ತದೆ. ಇದು ಅಂಟುರೋಗವಲ್ಲ.

ಮತ್ತೆ ಮತ್ತೆ ಏಕೆ ಬರುತ್ತದೆ? ಕೆಲವು ಮನೆತನಗಳಲ್ಲಿ ಇದು ತಂದೆ-ತಾಯಿಯಿಂದ ಮಕ್ಕಳಿಗೆ ಬರುತ್ತದೆ. ಚಿಂತೆ, ನಿದ್ದೆಗೇಡು, ಮುಟ್ಟಿನ ದಿನಗಳು, ಚೂಪಾದ ಹಲ್ಲು ತಾಗುವುದು ಸಹ ಕಾರಣವಾಗಬಹುದು. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ-12 ಜೀವಸತ್ವದ ಕೊರತೆಯನ್ನು ರಕ್ತ ಪರೀಕ್ಷೆಯಿಂದ ತಿಳಿಯಬಹುದು. ಸೊಪ್ಪು-ಕಾಳುಗಳಲ್ಲಿ ಬಿ-12 ಇರುವುದಿಲ್ಲ. ಆದ್ದರಿಂದ ಸಸ್ಯಾಹಾರಿಗಳು ಹಾಲು, ಮೊಸರು ಬಿಡಬಾರದು. ಊಟವಾದ ಕೂಡಲೇ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಒಂದು ಮಾತನ್ನು ಸಂಬಂಧಿಕರು ಗಮನಿಸಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೊಮ್ಮೆ ಮಾತ್ರ. ಅದನ್ನು ತಪ್ಪಿ ದಿನವೂ ನುಂಗಿದರೆ ಬಾಯಿ ತುಂಬ ಹುಣ್ಣಾಗಿ, ರಕ್ತಕಣಗಳು ಕುಸಿದು ಜೀವಕ್ಕೆ ಅಪಾಯವಾಗುತ್ತದೆ. ಹಾಗಾಗಿದ್ದರೆ ಮಾತ್ರೆ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಕರೆತನ್ನಿ.

ಚಿಕಿತ್ಸೆ ಸರಳ. ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ 3-4 ಸಲ ಬಾಯಿ ಮುಕ್ಕಳಿಸಿರಿ. ವೈದ್ಯರು ಬರೆದುಕೊಟ್ಟ ಮುಲಾಮನ್ನು ಉರಿ ಶುರುವಾದ ಮೊದಲ ದಿನವೇ ಹಚ್ಚಿದರೆ ಬೇಗ ಗುಣ. ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ತಂದು ನುಂಗುವುದು ನಮ್ಮಲ್ಲಿ ರೂಢಿಯೇ ಆಗಿದೆ. ಕೊರತೆ ಇಲ್ಲದವರಿಗೆ ಅದರಿಂದ ಅಂತಹ ಪ್ರಯೋಜನವಿಲ್ಲ. ಹುಣ್ಣಿನ ಮೇಲೆ ಸುಣ್ಣ, ತಂಬಾಕು ಇಡಲೇಬೇಡಿ.

ಈಗ ಮುಖ್ಯ ವಿಷಯ. ಬಂದು ಹೋಗುವ ಹುಣ್ಣು ಬೇರೆ, ಒಂದೇ ಜಾಗದಲ್ಲಿ ಕುಳಿತ ಹುಣ್ಣು ಬೇರೆ. 3 ವಾರವಾದರೂ ಮಾಯದ ಹುಣ್ಣು, ಗಟ್ಟಿಯಾದ ಅಂಚು, ಬಿಳಿ ಅಥವಾ ಕೆಂಪು ಮಚ್ಚೆ, ಕುತ್ತಿಗೆಯಲ್ಲಿ ಗಂಟು ಇವು ಕ್ಯಾನ್ಸರ್ ಇರಬಹುದು. ಆರಂಭದಲ್ಲಿ ನೋವು ಇರದೆ ಇರಬಹುದು, ಅದೇ ಮೋಸ. ರಾಜ್ಯದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆದರೂ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಕೊಂಡು ಬೆರೆಸಿ ತಿನ್ನುವವರಿದ್ದಾರೆ. ಬರೀ ಅಡಿಕೆಯೂ ಸಾಕು, ಕೆನ್ನೆ ಬಿಗಿದು ಬಾಯಿ ತೆರೆಯದಂತಾಗುತ್ತದೆ. ನಿಮ್ಮ ಮೂರು ಬೆರಳು ಒಂದರ ಮೇಲೊಂದು ಬಾಯಿಯೊಳಗೆ ಹೋಗದಿದ್ದರೆ ತಡಮಾಡದೆ ತೋರಿಸಿರಿ.

ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಭಾಗದವರು ಮೊದಲು ಹತ್ತಿರದ ದಂತ ವೈದ್ಯರಿಗೆ ತೋರಿಸಬಹುದು. ಅವರು ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡಿಸಲು ಹೇಳಿದರೆ ಹೆದರಬೇಡಿ. ಅದರಿಂದ ರೋಗ ಹರಡುವುದಿಲ್ಲ. ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ಹುಣ್ಣು ಕಂಡ ದಿನವನ್ನು ಮನೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಬರುವಾಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಚೀಟುಗಳನ್ನೂ ತನ್ನಿ.