ಯಾದಗಿರಿ: ಒಂದು ಜಿಲ್ಲಾಕೇಂದ್ರದ ಐತಿಹಾಸಿಕ ವಿವೇಚನೆ

ಕರ್ನಾಟಕದ ಮೂವತ್ತನೆಯ ಜಿಲ್ಲೆಯಾಗಿ ಯಾದಗಿರಿಯು 2009ನೆಯ ಡಿಸೆಂಬರ್ 30ರಂದು ಅಸ್ತಿತ್ವಕ್ಕೆ ಬಂದಿತು. ಅಂದಿನ ಗುಲ್ಬರ್ಗಾ ಜಿಲ್ಲೆಯಿಂದ ಯಾದಗಿರಿ, ಶಹಾಪುರ, ಸುರಪುರ ಎಂಬ ಮೂರು ತಾಲ್ಲೂಕುಗಳನ್ನು ಬೇರ್ಪಡಿಸಿ ಇದನ್ನು ರಚಿಸಲಾಯಿತು. ಈ ಮೂರು ಊರುಗಳಲ್ಲಿ ರಾಜಧಾನಿಯಾಗಿ ಮೆರೆದುದು ಸುರಪುರ. ಜಿಲ್ಲೆಯ ನಡುಭಾಗಕ್ಕೆ ಹತ್ತಿರವಾದುದು ಶಹಾಪುರ. ಆದರೆ ಕೇಂದ್ರಸ್ಥಾನವು ದೊರೆತುದು ಯಾದಗಿರಿಗೆ. ಹೀಗೇಕಾಯಿತೆಂಬುದನ್ನು ವಿಚಾರಿಸಿದರೆ ಈ ನಾಡಿನ ಕಳೆದ ಮೂರು ಶತಮಾನಗಳ ಇತಿಹಾಸವು ಬಹುಮಟ್ಟಿಗೆ ತಿಳಿದುಬರುತ್ತದೆ. ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನೇ ಮುಂದಿಟ್ಟುಕೊಂಡಿದ್ದೇವೆ.

ನೆಲದ ಸ್ವರೂಪ

ಭೀಮಾನದಿಯು ಈ ಜಿಲ್ಲೆಯನ್ನು ಎರಡಾಗಿ ವಿಭಾಗಿಸುತ್ತದೆ. ನದಿಯ ಎಡದಂಡೆಯ ಕಡೆ, ಬಂಡೆಗಳಿಂದ ಕೂಡಿದ ಒಂದು ಗುಡ್ಡದ ಬುಡದಲ್ಲಿ ಯಾದಗಿರಿ ಇದೆ. ಬಲದಂಡೆಯಿಂದ ಕೃಷ್ಣೆಯವರೆಗೆ ಹಬ್ಬಿದ ಭೂಭಾಗದಲ್ಲಿ ಶಹಾಪುರ, ಸುರಪುರಗಳಿವೆ. ಈ ಎರಡು ನದಿಗಳ ನಡುವಣ ಪ್ರದೇಶಕ್ಕೆ ಸಗರನಾಡೆಂಬ ಹೆಸರು ಇಂದಿಗೂ ರೂಢಿಯಲ್ಲಿದೆ. ಶಹಾಪುರದ ಸಮೀಪದ ಸಗರ ಎಂಬ ಊರು ಈ ಹೆಸರನ್ನು ಉಳಿಸಿಕೊಂಡು ಬಂದಿದೆ.

ಸಗರನಾಡಿನ ಪ್ರಾಚೀನತೆಯು ಅಸಾಧಾರಣವಾದುದು. ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುರಾತತ್ತ್ವಜ್ಞರಾದ ಕೆ. ಪದ್ದಯ್ಯನವರು ದಶಕಗಳ ಕಾಲ ಅನ್ವೇಷಣೆ ನಡೆಸಿದರು. ಅವರು ಉತ್ಖನನ ಮಾಡಿದ ಇಸಾಮಪುರವು ಹಳೆಯ ಶಿಲಾಯುಗದ ಮಾನವನು ಕಲ್ಲಿನ ಆಯುಧಗಳನ್ನು ತಯಾರಿಸುತ್ತಿದ್ದ ನೆಲೆ. ಅದರ ಕಾಲವನ್ನು ಸುಮಾರು ಹನ್ನೆರಡು ಲಕ್ಷ ವರ್ಷಗಳಷ್ಟು ಹಿಂದಕ್ಕೆ ಅಂದಾಜು ಮಾಡಲಾಗಿದೆ. ಕೊಡೇಕಲ್ಲು, ಬೂದಿಹಾಳಗಳಲ್ಲಿ ನವಶಿಲಾಯುಗದ ಬೂದಿದಿಬ್ಬಗಳೂ ರಾಜನಕೋಳೂರಿನಲ್ಲಿ ಬೃಹತ್ ಶಿಲಾಸಮಾಧಿಗಳೂ ಇವೆ. ಯೇವೂರಿನ ಶಾಸನಗಳು ಕಲ್ಯಾಣದ ಚಾಲುಕ್ಯರ ಇತಿಹಾಸಕ್ಕೆ ಮುಖ್ಯ ಆಧಾರಗಳಾಗಿವೆ. ಇವೆಲ್ಲವೂ ಭೀಮೆಯ ಬಲಭಾಗದಲ್ಲಿಯೇ ಇರುವುದನ್ನು ವಾಚಕರು ಗಮನಿಸಬೇಕು.

ಸುರಪುರದ ಏಳುಬೀಳು

ಸುರಪುರದ ಬೇಡ ನಾಯಕರ ಮೊದಲಿನ ನೆಲೆ ವಾಗಿನಗೇರಿ. ಮೊಗಲ ಚಕ್ರವರ್ತಿ ಔರಂಗಜೇಬನು ಸ್ವತಃ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ 1705ರಲ್ಲಿ ಈ ಕೋಟೆಯ ಮೇಲೆ ನಡೆದುದು. ಕೋಟೆಯು ಅವನ ವಶವಾಯಿತಾದರೂ ಪಿಡ್ಡನಾಯಕನು ಕೈಗೆ ಸಿಕ್ಕದೆ ಪಾರಾದನು. ಮುಂದೆ ನಾಯಕರು ಸುರಪುರವನ್ನು ರಾಜಧಾನಿಯನ್ನಾಗಿ ಮಾಡಿಕೊಂಡರು. ಸುತ್ತಲೂ ಗುಡ್ಡಗಳಿಂದ ಆವೃತವಾದ ಈ ಸ್ಥಳವು ರಕ್ಷಣೆಗೆ ಎಷ್ಟು ಅನುಕೂಲವೋ ಸಂಚಾರಕ್ಕೆ ಅಷ್ಟೇ ಪ್ರತಿಕೂಲವಾಗಿದ್ದಿತು. ಅಂದಿನ ರಾಜರಿಗೆ ಬೇಕಾಗಿದ್ದುದೂ ಅದೇ.

ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆ ವೆಂಕಟಪ್ಪನಾಯಕನು ಅಪ್ರಾಪ್ತವಯಸ್ಕನಾಗಿದ್ದಾಗ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನು ಇಲ್ಲಿಗೆ ನಿಯೋಜಿತನಾಗಿ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡನು. ಅವನು ವಾಸವಾಗಿದ್ದ ಟೇಲರ್ ಮಂಜಿಲ್ ಎಂಬ ಬಂಗಲೆ ಊರಿನ ಹೊರಗಣ ಗುಡ್ಡದ ಮೇಲಿದೆ. ಈ ಭಾಗದ ಶಿಲಾಸಮಾಧಿಗಳನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದವನೂ ಅವನೇ. ಪ್ರಾಪ್ತವಯಸ್ಕನಾದ ವೆಂಕಟಪ್ಪನಾಯಕನು 1858ರ ಫೆಬ್ರವರಿಯಲ್ಲಿ ಬ್ರಿಟಿಷರ ವಿರುದ್ಧ ಯುದ್ಧಕ್ಕೆ ನಿಂತನು. ಸೋತು ಸೆರೆಯಾಗಿ ಅದೇ ವರ್ಷ ಗುಂಡೇಟಿನಿಂದ ಮೃತನಾದನು. ಸಂಸ್ಥಾನವನ್ನು ವಶಪಡಿಸಿಕೊಂಡ ಬ್ರಿಟಿಷರು 1860ರಲ್ಲಿ ಅದನ್ನು ಹೈದರಾಬಾದಿನ ನಿಜಾಮನಿಗೆ ಒಪ್ಪಿಸಿದರು. ಅಲ್ಲಿಂದ ಮುಂದೆ ಸುರಪುರವು ರಾಜಧಾನಿಯ ಸ್ಥಾನವನ್ನು ಕಳೆದುಕೊಂಡಿತು.

ರೈಲುಹಳಿಯ ನಿರ್ಣಯ

ಸುರಪುರವು ನಿಜಾಮನ ವಶವಾದ ಹನ್ನೊಂದು ವರ್ಷಗಳಲ್ಲಿ, ಎಂದರೆ 1871ರಲ್ಲಿ, ಮುಂಬಯಿಯ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗವು ರಾಯಚೂರಿನಲ್ಲಿ ಮದ್ರಾಸಿನ ಮಾರ್ಗವನ್ನು ಕೂಡಿಕೊಂಡಿತು. ಗುಲ್ಬರ್ಗಾ, ವಾಡಿಗಳ ಮೂಲಕ ಬಂದ ಹಳಿಯು ಭೀಮೆಯ ಎಡಭಾಗದಲ್ಲಿಯೇ ಸಾಗಿ, ಸಂಗಮದ ಕೆಳಗೆ ಕೃಷ್ಣೆಯೊಂದನ್ನೇ ದಾಟಿ ರಾಯಚೂರನ್ನು ಮುಟ್ಟುತ್ತದೆ. ಅದನ್ನು ಸಗರನಾಡಿನ ಒಳಗೆ ಹಾಯಿಸಿದ್ದರೆ ಭೀಮೆಗೊಂದು, ಕೃಷ್ಣೆಗೊಂದು, ಹೀಗೆ ಎರಡು ದೊಡ್ಡ ಸೇತುವೆಗಳು ಬೇಕಾಗುತ್ತಿದ್ದವು. ಹಳಿ ಹಿಡಿದ ದಾರಿಯಲ್ಲಿ ಯಾದಗಿರಿ ಇದ್ದಿತು.

ಈ ಮಾರ್ಗವು ಮುಂಬಯಿ ಮತ್ತು ಮದ್ರಾಸುಗಳನ್ನು ಕೂಡಿಸುವುದಕ್ಕಾಗಿ ಹಾಕಿದುದು. ಯಾದಗಿರಿಯ ಹಿತವನ್ನು ಯಾರೂ ಎಣಿಸಿದ್ದಿಲ್ಲ. ಆದರೂ ಅದರ ಪರಿಣಾಮ ದೊಡ್ಡದಾಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಮಾರ್ಗವಾದ ಮೇಲೆ ಹೈದರಾಬಾದಿನ ಸಂಪರ್ಕವೂ ಸುಲಭವಾಯಿತು. ಶಹಾಪುರ, ಸುರಪುರದವರು ರೈಲು ಹತ್ತಬೇಕಾದರೆ ಭೀಮೆಯನ್ನು ದಾಟಿ ಯಾದಗಿರಿಗೆ ಬರಬೇಕಾಯಿತು. ನಾಯಕರ ರಾಜಧಾನಿಯು ಅಧಿಕಾರವನ್ನು ಕಳೆದುಕೊಂಡುದಕ್ಕೂ ನದಿಯಾಚೆಯ ಊರು ಹಳಿಯನ್ನು ಪಡೆದುಕೊಂಡುದಕ್ಕೂ ನಡುವೆ ಇದ್ದ ಅಂತರ ಹದಿಮೂರು ವರ್ಷ ಮಾತ್ರ. ಯಾದಗಿರಿಯು ಜಿಲ್ಲಾಕೇಂದ್ರವಾಗುವ ಸಿದ್ಧತೆ ಅಂದೇ ಆರಂಭವಾಯಿತೆಂದು ನಮ್ಮ ಅಭಿಪ್ರಾಯ.

ಯಾದಗಿರಿಗೆ ಪೂರ್ವೇತಿಹಾಸವೇ ಇಲ್ಲವೆಂದು ಇದರ ಅರ್ಥವಲ್ಲ. ಊರಿನ ಮೇಲಣ ಗುಡ್ಡದಲ್ಲಿ ಕೋಟೆಯ ಗೋಡೆಗಳೂ ಬುರುಜುಗಳೂ ಫಿರಂಗಿಗಳೂ ಇವೆ. ಯಾದವಗಿರಿ ಎಂಬುದು ಇದರ ಮೂಲನಾಮವೆಂದೂ ಇದು ಯಾದವರ ರಾಜಧಾನಿಯಾಗಿತ್ತೆಂದೂ ಸ್ಥಳೀಯರು ಹೇಳುವರು. ಆದರೆ ಸೇವುಣ ಯಾದವರ ರಾಜಧಾನಿ ದೇವಗಿರಿ ಎಂಬುದು ಸುವಿದಿತವಾಗಿದೆ. ಊರಿನ ಅಭಿಮಾನವನ್ನು ಗೌರವಿಸುತ್ತಲೇ ವಿದ್ಯಾರ್ಥಿಗಳು ಇಂತಹ ಹೇಳಿಕೆಗಳನ್ನು ಶಾಸನಾಧಾರದಿಂದ ಪರೀಕ್ಷಿಸುವುದನ್ನು ಕಲಿಯಬೇಕು.

ಬದಲಾದ ಗಡಿಗಳು, ಬಂದ ನೀರು

ನಿಜಾಮನ ಆಡಳಿತದಲ್ಲಿ ಈ ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿ ಸ್ಥಿರವಾಗಿ ಉಳಿಯಲಿಲ್ಲ. ಶಹಾಪುರ, ಸುರಪುರಗಳು ಲಿಂಗಸುಗೂರು ಜಿಲ್ಲೆಗೆ ಸೇರಿದ್ದವು. 1905ರಲ್ಲಿ ಆ ಜಿಲ್ಲೆಯನ್ನು ರದ್ದುಪಡಿಸಿದಾಗ ಗುಲ್ಬರ್ಗಾಕ್ಕೆ ಬಂದವು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತ ಒಕ್ಕೂಟದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಈ ಪ್ರದೇಶವು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆಯ ಗಡಿ ಎಂಬುದು ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆ. ಜನರ ನಂಟು ಆ ಗೆರೆಗಿಂತ ಹಳೆಯದು.

ಸ್ವಾತಂತ್ರ್ಯಾನಂತರ ನದಿಯಾಚೆಯ ನಾಡಿಗೂ ಒಂದು ಭಾಗ್ಯ ಒದಗಿತು. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಆಲಮಟ್ಟಿಯಲ್ಲಿ ಶಂಕುಸ್ಥಾಪನೆಯಾಯಿತು. ನಾರಾಯಣಪುರದ ಅಣೆಕಟ್ಟು 1982ರಲ್ಲಿ ಕಾರ್ಯಾರಂಭ ಮಾಡಿತು. ಎಡದಂಡೆ ಕಾಲುವೆಯೂ ಅದರ ಶಾಖೆಗಳೂ ಹರಿದ ಮೇಲೆ ಜೋಳ, ತೊಗರಿ ಬೆಳೆಯುತ್ತಿದ್ದ ಶಹಾಪುರ, ಸುರಪುರದ ಹೊಲಗಳಲ್ಲಿ ಅನೇಕವು ಭತ್ತದ ಗದ್ದೆಗಳಾದವು. ಹೀಗೆ ಹಳಿ ನದಿಯ ಒಂದು ಕಡೆಗೂ ಕಾಲುವೆ ಇನ್ನೊಂದು ಕಡೆಗೂ ಹಂಚಿಹೋದವು.

ಕೇಂದ್ರ ಮತ್ತು ಜಿಲ್ಲೆ

2011ರ ಜನಗಣತಿಯಂತೆ ಯಾದಗಿರಿ ಪಟ್ಟಣದ ಜನಸಂಖ್ಯೆ 74 ಸಾವಿರದಷ್ಟು; ಶಹಾಪುರ, ಸುರಪುರಗಳಲ್ಲಿ ತಲಾ 50 ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಕೇಂದ್ರಕ್ಕೂ ಉಳಿದೆರಡು ಊರುಗಳಿಗೂ ಗಾತ್ರದಲ್ಲಿ ಬಹಳ ಅಂತರವಿಲ್ಲವೆಂಬುದು ಇದರಿಂದ ಸ್ಪಷ್ಟ. ಅದೇ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡಾ 75.36 ಇದ್ದಾಗ ಯಾದಗಿರಿ ಜಿಲ್ಲೆಯದು 51.83 ಮಾತ್ರ, ರಾಜ್ಯದಲ್ಲಿ ಇದೇ ಅತ್ಯಂತ ಕೆಳಗಿನ ಪ್ರಮಾಣ. ದುಡಿಮೆಯನ್ನರಸಿ ಬೆಂಗಳೂರು, ಮುಂಬಯಿ, ಪುಣೆಗಳಿಗೆ ಗುಳೆ ಹೋಗುವ ಕುಟುಂಬಗಳು ಇಲ್ಲಿ ಅನೇಕ. ಅವರನ್ನು ಹೊತ್ತೊಯ್ಯುವುದೂ ಊರನ್ನು ಬೆಳೆಸಿದ ಅದೇ ಹಳಿ ಎಂಬುದನ್ನು ಮರೆಯುವಂತಿಲ್ಲ.

ಜಿಲ್ಲಾಕೇಂದ್ರವಾದುದರಿಂದ ಯಾದಗಿರಿಗೆ ಕಚೇರಿಗಳು ಬಂದವು, ಮುಂದೆ ವೈದ್ಯಕೀಯ ಕಾಲೇಜೂ ಬಂದಿತು. ಗುರುಮಠಕಲ್, ಹುಣಸಗಿ, ವಡಗೇರಾಗಳು ಪ್ರತ್ಯೇಕ ತಾಲ್ಲೂಕುಗಳಾದವು. ಇಷ್ಟಾದರೂ ನಾರಾಯಣಪುರದ ಕಡೆಯ ರೈತನು ಜಿಲ್ಲಾಕಚೇರಿಗೆ ಬರಬೇಕಾದರೆ ಸಗರನಾಡನ್ನೆಲ್ಲ ಹಾಯ್ದು ಭೀಮೆಯನ್ನು ದಾಟಬೇಕು. ಅವನ ಪಾಲಿಗೆ 1871ರ ನಿರ್ಣಯವು ಇಂದಿಗೂ ಜಾರಿಯಲ್ಲಿದೆ.

ಉಪಸಂಹಾರ

ಮೇಲಣ ವಿವೇಚನೆಯಿಂದ ಎರಡು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಈ ಜಿಲ್ಲೆಯ ಕೇಂದ್ರವನ್ನು ಗೊತ್ತುಮಾಡಿದುದು ಪ್ರಾಚೀನ ವೈಭವವಲ್ಲ, ಸಂಚಾರಮಾರ್ಗ. ಎರಡನೆಯದಾಗಿ, ಜಿಲ್ಲೆಯ ಇತಿಹಾಸವನ್ನು ಅದರ ಕೇಂದ್ರದಲ್ಲಿ ಕುಳಿತು ಬರೆಯಲು ಬರುವುದಿಲ್ಲ. ಅದರ ಆಧಾರಗಳಲ್ಲಿ ಹೆಚ್ಚಿನವು ನದಿಯಾಚೆಗೆ ಇವೆ. ಇಂಗ್ಲಿಷ್ ದಾಖಲೆಗಳಲ್ಲಿ ಸುರಪುರವು ಶೋರಾಪುರವೆಂದು ಕಾಣಿಸಿಕೊಳ್ಳುವುದರಿಂದ ನಮ್ಮ ವಿದ್ಯಾರ್ಥಿಗಳು ಎಷ್ಟೋ ಸಲ ತಮ್ಮ ಊರಿನ ಚರಿತ್ರೆಯನ್ನೇ ಗುರುತಿಸದೆ ಪುಟ ತಿರುವಿಬಿಡುತ್ತಾರೆ. ನೀರಾವರಿಗಾಗಿ ನೆಲವನ್ನು ಸಮಗೊಳಿಸುವಾಗ ಬೂದಿದಿಬ್ಬಗಳೂ ಶಿಲಾಸಮಾಧಿಗಳೂ ಅಳಿದುಹೋಗುವ ಭಯವಿದೆ. ನೀರು ಬೇಡವೆನ್ನುವ ಅಧಿಕಾರ ಇತಿಹಾಸಕಾರನಿಗಿಲ್ಲ. ಆದರೆ ನೇಗಿಲು ತಲುಪುವ ಮೊದಲು ಅಲ್ಲಿಗೆ ಹೋಗಿ ನೋಡಿ, ಅಳೆದು, ಬರೆದಿಡುವ ಹೊಣೆ ಅವನದು. ಈ ಮೂರು ಊರುಗಳ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ತಮ್ಮ ಹೋಬಳಿಯ ನೆಲೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರೆ ಈ ಜಿಲ್ಲೆಯ ಸಮಗ್ರ ಚರಿತ್ರೆಗೆ ಅದೇ ತಳಹದಿಯಾಗುವುದೆಂದು ನಾವು ನಂಬಿದ್ದೇವೆ.